ಪಟ್ಟದಿಂದಿಳಿದ ಗುರುತ್ವಾಕರ್ಷಣೆ

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ದಸರಾ ಗೊಂಬೆಗಳ ಮುಂದೆ ದೀಪ ಹಚ್ಚಿದೆ. ಸಂಜೆ ಆರಕ್ಕೆ ನಮ್ಮ ಅಮೃತಹಳ್ಳಿ ಅಪಾರ್ಟ್‌ಮೆಂಟಿನವರೆಲ್ಲ ಗೊಂಬೆ ನೋಡಲು ಬರುವವರಿದ್ದರು. ಈ ಸಲ ನನ್ನದು ವೈಜ್ಞಾನಿಕ ಪ್ರದರ್ಶನ!

ಬಿ.ಎಸ್ಸಿ. ಓದುವ ಮಗಳು ಹೇಳಿದ್ದಳು: "ಪ್ರಕೃತೀಲಿ ಮೂಲಬಲಗಳು ನಾಲ್ಕೇ ಅಮ್ಮ. ಮೂರನ್ನ ಹೆಂಗೋ ಒಂದೇ ಚೌಕಟ್ಟಿಗೆ ತರಬಹುದು ಅಂತಾರೆ. ಗುರುತ್ವಾಕರ್ಷಣೆ ಮಾತ್ರ ಅವುಗಳ ಜೊತೆ ಸೇರ್ತಾನೇ ಇಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೇ ಸುಸ್ತು!"

ಪಾಪ, ಅವರ ಹತ್ತಿರ ಡಬಲ್ ಸೈಡ್ ಟೇಪ್ ಇರಲಿಲ್ಲವೇನೋ!

ಸಂಜೆ ಐದಕ್ಕೇ ಬೋಗುಣಿಯೊಂದನ್ನು ಭೂಮಿಯಂತೆ ಬೋರಲಾಗಿಟ್ಟು, ಮೇಲೊಂದು ಮಣೆ ಇಟ್ಟೆ. ಪೊಲೀಸ್, ಹಾವಾಡಿಗ, ಹಾಲು ಮಾರುವವಳು. ಮೂರು ಬಲಗಳಿಗೆಂದು ಆರಿಸಿದ ಈ ಮೂರು ಹಗುರ ಗೊಂಬೆಗಳು ಟೇಪಿಗೆ ಗಟ್ಟಿಯಾಗಿ ಕೂತವು. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ದುಂಡಕ್ಷರದಲ್ಲಿ ಬಲಗಳ ಹೆಸರುಚೀಟಿಯನ್ನೂ ಅಂಟಿಸಿದೆ. ಗುರುತ್ವಕ್ಕೊಂದು ಘನತೆ ಬೇಡವೇ? ಮೇಲಿನ ಮೆಟ್ಟಿಲಿನಿಂದ ಪಟ್ಟದ ರಾಜನನ್ನೇ ಇಳಿಸಿದೆ. ಅದು ಅತ್ತೆಗೆ ಅವರ ಮದುವೆಯಲ್ಲಿ ತವರಿನವರು ಕೊಟ್ಟ ಮರದ ಗೊಂಬೆ. ಹಬ್ಬ ಮುಗಿಯುವವರೆಗೆ ಕದಲಿಸುವಂತಿಲ್ಲ.

"ಲೇ, ಅಮ್ಮನ ರಾಜ ಕಣೇ ಅದು!" ಎಂದರು ಯಜಮಾನರು.

"ಒಂದೆರಡು ಗಂಟೆ ರೀ. ಅವರು ಹೆಸರಘಟ್ಟದಿಂದ ಬರೋದು ಏಳಕ್ಕೆ. ಅಷ್ಟರಲ್ಲಿ ವಾಪಸ್ ಇಟ್ಟಿರ್ತೀನಿ."

ವರ್ಷಗಟ್ಟಲೆ ಎಣ್ಣೆ ಕುಡಿದ ರಾಜ ಟೇಪಿಗೆ ಅಂಟಲೊಲ್ಲ. ಅವನ ಭಾರಕ್ಕೆ ಮಣೆ ಆ ಕಡೆ ವಾಲಿತು. ಈ ಕಡೆ ಉಪ್ಪಿನ ಪ್ಯಾಕೆಟ್ ಇಟ್ಟೆ. ಸಾಲಲಿಲ್ಲ. ಕುಟ್ಟಾಣಿ ಇಟ್ಟೆ. ನಿಂತಿತು! ವಿಶ್ವದ ಇತಿಹಾಸದಲ್ಲೇ ಪ್ರಪ್ರಥಮವಾಗಿ ನಾಲ್ಕೂ ಬಲಗಳು ಏಕೀಕೃತಗೊಂಡವು! ಮಗಳನ್ನು ಕೂಗಲು ಬಾಯಿ ತೆರೆದೆ.

ಧಡಾರ್!

ಮೂರು ಗೊಂಬೆಗಳು ಮಣೆ ಬಿಡದೆ ಒಟ್ಟಿಗೇ ಬಿದ್ದಿದ್ದವು. ರಾಜನ ತಲೆ ಮಾತ್ರ ಸೋಫಾದ ಕೆಳಗೆ!

"ಹೇಳಿದ್ನಲ್ಲಮ್ಮ, ಸೇರಲ್ಲ ಅಂತ," ಎಂದಳು ಮಗಳು.

ತಲೆಗೆ ಅಂಟು ಹಚ್ಚಿ ರಾಜನನ್ನು ಮೇಲಿನ ಮೆಟ್ಟಿಲಿಗೆ ಮರಳಿಸುವಷ್ಟರಲ್ಲಿ ಬೆಲ್ ಆಯಿತು. ಏಳಕ್ಕೆ ಬರಬೇಕಾದ ಅತ್ತೆ ಐದೂವರೆಗೇ ಹಾಜರ್! ಅಂಟು ಒಣಗಿರಲಿಲ್ಲ. ರಾಜನ ಕಿರೀಟವನ್ನು ಎರಡು ಬೆರಳಲ್ಲಿ ಹಿಡಿದು, ನಿಂತಲ್ಲಿಂದಲೇ ಅತ್ತೆಗೆ ತಲೆಬಾಗಿದೆ.

"ಯಾಕಮ್ಮಾ, ಕೈಗೇನಾಯ್ತು?"

"ರಾಜನಿಗೆ ದೃಷ್ಟಿ ತೆಗೀತಿದ್ದೆ ಅತ್ತೆ."

ಮುಕ್ಕಾಲು ಗಂಟೆಯಾದರೂ ದೃಷ್ಟಿ ಮುಗಿಯಲಿಲ್ಲ. ವಿಶ್ವದ ಬಲಗಳನ್ನು ಒಂದುಗೂಡಿಸಲು ಹೊರಟವಳು, ಒಂದು ತಲೆಯನ್ನು ಒಂದು ಕುತ್ತಿಗೆಗೆ ಕೂಡಿಸಲಾಗದೆ ನಿಂತಿದ್ದೆ. ಅತ್ತೆ ನನ್ನ ಕೈಯಿಂದ ಕಣ್ಣು ಕೀಳಲಿಲ್ಲ.

ಗೊಂಬೆ ನೋಡಲು ಬಂದು, ಅವರ ಪಕ್ಕದಲ್ಲೇ ಕೂತು ಉಸಲಿ ತಿನ್ನುತ್ತಿದ್ದ ಎದುರುಮನೆಯ ನಸ್ರೀನ್ ಹೇಳಿದಳು: "ಅರೆ, ಆವಾಗಿಂದ ಹಿಡ್ಕೊಂಡೇ ನಿಂತಿದ್ದೀರಲ್ರೀ! ಕೈ ಬಿಡಿ, ರಾಜ ಏನ್ ಮೇಲಕ್ಕೆ ಹಾರಿ ಹೋಗ್ತಾನಾ?"