ಮಾವನ ಮೊಬೈಲ್ ಹೊಸ್ತು

ನನ್ನ ಸೋದರಮಾವನ ಕೈಯಲ್ಲಿ ಆಡಿಹೋದಷ್ಟು ಮೊಬೈಲುಗಳು ಕುಂದಾಪುರದ ಆಚೀಚೆ ಇನ್ಯಾರ ಕೈಯಲ್ಲೂ ಆಡಿರಲಿಕ್ಕಿಲ್ಲ. ಅದರಲ್ಲಿ ಒಂದನ್ನಾದರೂ ಅವರು ದುಡ್ಡು ಕೊಟ್ಟು ಕೊಂಡವರಲ್ಲ. ಕದ್ದವರೂ ಅಲ್ಲ, ಗಾಬರಿಯಾಗಬೇಡಿ! ಫೋನಿನ ಕ್ಯಾಮೆರಾ ಯಾವ ಬದಿಗಿರುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಮೆಸೇಜು ಬಂತೆಂದರೆ ಯಾರೋ ತೀರಿಕೊಂಡಿರಬೇಕು ಎಂದು ಮೊದಲು ಚಪ್ಪಲಿ ಹುಡುಕುತ್ತಾರೆ. ಇಂಥ ಮನುಷ್ಯ ಕೆಲವು ವರ್ಷ ನಮ್ಮ ಕರಾವಳಿಯ ಅತ್ಯುತ್ತಮ ಸ್ಮಾರ್ಟ್‌ಫೋನ್ ವಿಮರ್ಶಕರಾಗಿದ್ದರು ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ಆ ವಿಮರ್ಶೆಗಳು ನನ್ನ ಹೆಸರಿನಲ್ಲೇ ಅಚ್ಚಾಗುತ್ತಿದ್ದುದರಿಂದ ನಂಬದೆ ನಿರ್ವಾಹವಿಲ್ಲ.

ಆಗ ನಾನು ಕುಂದಾಪುರದ ಒಂದು ವಾರಪತ್ರಿಕೆಯಲ್ಲಿದ್ದೆ. ಊರಿನಲ್ಲಿ ಎಲ್ಲರ ಕೈಗೂ ಟಚ್ ಸ್ಕ್ರೀನ್ ಬರುತ್ತಿದ್ದ ಕಾಲ. ಹೊಸ ಫೋನುಗಳ ಬಗ್ಗೆ ವಾರಕ್ಕೊಂದು ಅಂಕಣ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಕೋಟೇಶ್ವರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ನನ್ನ ಶಾಲೆಯ ಗೆಳೆಯನೊಬ್ಬ ಹೊಸ ಮಾಡೆಲ್ ಬಂದಾಗಲೆಲ್ಲ ಒಂದು ದಿನದ ಮಟ್ಟಿಗೆ ಕೊಡುತ್ತಿದ್ದ. ಕ್ಯಾಮೆರಾ ಇಷ್ಟು, ಬ್ಯಾಟರಿ ಅಷ್ಟು, ತೂಕ ಇಷ್ಟು ಎಂದು ಬರೆದೆ. ನಾಲ್ಕು ವಾರ ಕಳೆಯುವಷ್ಟರಲ್ಲಿ ಸಂಪಾದಕರು ಕರೆದು, "ಕಂಪೆನಿ ಹೆಸರೊಂದು ಬದಲಾಯಿಸಿದರೆ ಹೋದ ವಾರದ್ದೇ ಈ ವಾರಕ್ಕೂ ಆಗುತ್ತದಲ್ಲ, ನಿಮಗೆ ಸಂಬಳ ಯಾಕೆ?" ಎಂದರು. ಸರಿ, ಹೊಸ ಥರ ಬರೆಯೋಣ ಎಂದು ರಾಶಿಫಲದ ಶೈಲಿಯಲ್ಲಿ ಬರೆದೆ. ಬ್ರಹ್ಮಾವರದಿಂದ ಒಬ್ಬರು ಫೋನ್ ಮಾಡಿ, ತಮ್ಮ ಮೊಬೈಲಿಗೆ ಕರ್ಕಾಟಕ ರಾಶಿಯಲ್ಲಿ ದೋಷ ಇದೆಯೆಂದು ಓದಿದೆ, ಪರಿಹಾರ ಏನು ಎಂದು ಕೇಳಿದರು. ಅಡುಗೆಯ ಶೈಲಿಯಲ್ಲಿ ಬರೆದೆ. ಅದಕ್ಕೆ ಯಾರೂ ಏನೂ ಹೇಳಲಿಲ್ಲ, ಅದೇ ಹೆಚ್ಚು ಬೇಸರ.

ಅಂಥದೊಂದು ದಿನ ಮಧ್ಯಾಹ್ನ, ಗೆಳೆಯ ಕೊಟ್ಟ ಹೊಸ ಫೋನನ್ನು ಜೇಬಿನಲ್ಲಿಟ್ಟುಕೊಂಡು ಕೋಟೇಶ್ವರದಲ್ಲೇ ಇದ್ದ ಮಾವನ ಮನೆಗೆ ಊಟಕ್ಕೆ ಹೋಗಿದ್ದೆ. ಮಾವ ಊಟ ಮುಗಿಸಿ ಕನ್ನಡಕ ಹಾಕಿಕೊಂಡು ನನ್ನ ಅಂಕಣವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಪತ್ರಿಕೆ ಮಡಚಿ ಕೇಳಿದರು.

"ಹ್ವಾಯ್, ಇಷ್ಟುದ್ದ ಬರ್ದಿದ್ದೆ. ಇದ್ರಗೆ ಮಾತಾಡ್ರೆ ಆಚಿಗ್ ಕೇಂತಾ ಇಲ್ಯಾ ಅಂದೇಳಿ ಒಂದ್ ಸಾಲ್ ಎಲ್ಲಿತ್ತ್?"

ಆಚೆ ಕಡೆಯವರಿಗೆ ಕೇಳಿಸುತ್ತದೋ ಇಲ್ಲವೋ ಎಂಬ ಸಾಲನ್ನು ನಾನು ಹುಡುಕಿದೆ. ಇರಲಿಲ್ಲ. ಬಂದ ಅಷ್ಟೂ ಫೋನುಗಳಲ್ಲಿ ಹಾಡು ಕೇಳಿದ್ದೆ, ಫೋಟೋ ತೆಗೆದಿದ್ದೆ, ಆಟವಾಡಿದ್ದೆ. ಯಾರೊಂದಿಗಾದರೂ ಮಾತನಾಡಿದ್ದೆನೇ?

"ಫೋನ್ ಇತ್ಲಾಗೆ ಕೊಡ್," ಎಂದರು ಮಾವ. "ನಾ ಹೊಸ್ತ್ ಮಾಡ್ತೆ."

ಹೊಸ್ತು ಎಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಗದ್ದೆಯಲ್ಲಿ ಹೊಸ ತೆನೆ ಬಂದಾಗ ಅದನ್ನು ಮನೆಗೆ ತಂದು, ಹೊಸ ಅಕ್ಕಿಯ ಅನ್ನ ಮಾಡಿ ಉಣ್ಣುವ ಹಬ್ಬ. ಬಾಳೆಲೆಯ ಮುಂದೆ ಕೂತ ಮೇಲೂ ಹಾಗೆಯೇ ಬಾಯಿಗೆ ಹಾಕುವಂತಿಲ್ಲ. "ಹೊಸ್ತ್ ಉಂಬೆ" ಎಂದು ಮನೆಯ ಹಿರಿಯರನ್ನು ಕೇಳಬೇಕು, ಅವರು "ಉಣ್" ಎನ್ನಬೇಕು, ಆಮೇಲೆ ತುತ್ತು. ಎಲ್ಲರ ಮನೆಯಲ್ಲಿ ಇದು ವರ್ಷಕ್ಕೊಂದು ದಿನದ ಮಾತು. ನನ್ನ ಮಾವನಿಗೆ ಮಾತ್ರ ವರ್ಷವಿಡೀ ಹೊಸ್ತು. ಹೊಸ ಕೊಡೆ, ಹೊಸ ಚಪ್ಪಲಿ, ಹೊಸ ಸೈಕಲ್, ಯಾವುದನ್ನೂ ಅಕ್ಕನನ್ನು ಕೇಳದೆ ಮುಟ್ಟುವವರಲ್ಲ. ಒಮ್ಮೆ ಹೊಸ ಕನ್ನಡಕ ಬಂದಾಗ ಅಕ್ಕ ಊರಲ್ಲಿರಲಿಲ್ಲ. ಆ ಒಂದು ವಾರ ಕನ್ನಡಕವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಾಗಿಲ ದಾರಂದಕ್ಕೆ ತಲೆ ಹೊಡೆಸಿಕೊಳ್ಳುತ್ತ ತಿರುಗಿದರು.

ಆ ಅಕ್ಕ ಎಂದರೆ ನನ್ನ ದೊಡ್ಡಮ್ಮ, ನನ್ನ ತಾಯಿಗೂ ಮಾವನಿಗೂ ಹಿರಿಯಕ್ಕ. ಮಾವ ಚಿಕ್ಕವರಿರುವಾಗಲೇ ಅಜ್ಜಿ ತೀರಿಕೊಂಡಿದ್ದರು. ದೊಡ್ಡಮ್ಮ ಮದುವೆಯಾಗಿ ಬೈಂದೂರಿಗೆ ಹೋಗುವಾಗ ಪೆಟ್ಟಿಗೆಯ ಜೊತೆಗೆ ಈ ತಮ್ಮನನ್ನೂ ಕರೆದುಕೊಂಡು ಹೋಗಿ, ಅಲ್ಲಿಯೇ ಶಾಲೆಗೆ ಹಾಕಿ, ದೊಡ್ಡವನನ್ನಾಗಿ ಮಾಡಿ ಮುಂಬೈಯ ಹೋಟೆಲಿಗೆ ಕಳಿಸಿದವರು. ಮಾವನ ಲೆಕ್ಕದಲ್ಲಿ ಸರಕಾರ, ದೇವರು, ವೈದ್ಯರು ಎಲ್ಲ ಅಕ್ಕನ ನಂತರ. ಮದುವೆಯ ದಿನದ ಬಗ್ಗೆ ನನ್ನ ಅತ್ತೆಯನ್ನು ಕೇಳಿದರೆ ಆಕೆ ಹೇಳುವುದು ಹೀಗೆ: "ಮದಿ ಆದ್ ದಿನ ಇವ್ರ್ ನನ್ನ್ ಮುಖ ಕಾಣ್ಲೇ ಇಲ್ಲೆ. ಅಕ್ಕ 'ಕಾಣ್' ಅಂದ್ ಮೇಲ್ ಕಂಡದ್."

ಮಾವ ಮುಂಬೈ ಬಿಟ್ಟು ಊರಿಗೆ ಬಂದದ್ದು ತೊಂಬತ್ತೇಳರಲ್ಲಿ. ಅದೇ ವರ್ಷ ಮನೆಗೆ ಫೋನ್ ಬಂತು. ಲೈನ್‌ಮನ್ ತಂತಿ ಎಳೆದು, ಡಬ್ಬಿ ಕೂರಿಸಿ, "ಒಂದು ಕಾಲ್ ಮಾಡಿ ನೋಡಿ, ನಾನು ಹೊರಡುತ್ತೇನೆ" ಎಂದ. ಮಾವ ಬೈಂದೂರಿನ ಅಕ್ಕನ ಮನೆ ಪಕ್ಕದ ದಿನಸಿ ಅಂಗಡಿಗೆ ಫೋನ್ ಮಾಡಿ, ಅಕ್ಕನನ್ನು ಕರೆಸಿ ಎಂದು ಹೇಳಿ ಕಾದು ಕೂತರು. ಅಕ್ಕ ಗದ್ದೆಯಲ್ಲಿದ್ದರು. ಅವರಿಗೆ ಸುದ್ದಿ ಮುಟ್ಟಿ, ಅವರು ಕೈಕಾಲು ತೊಳೆದು, ಸೀರೆ ಬದಲಾಯಿಸಿ ಬರುವಷ್ಟರಲ್ಲಿ ಲೈನ್‌ಮನ್ ಎರಡು ಸಲ ಅವಲಕ್ಕಿ ತಿಂದು ಜಗಲಿಯಲ್ಲಿ ಒಂದು ನಿದ್ದೆ ತೆಗೆದಿದ್ದ. ಕೊನೆಗೂ ಅಕ್ಕ ಫೋನಿಗೆ ಬಂದರು.

"ಅಕ್ಕಾ, ಹೊಸ್ತ್ ಮಾತಾಡ್ತೆ," ಎಂದರು ಮಾವ.

"ಮಾತಾಡ್," ಎಂದರು ದೊಡ್ಡಮ್ಮ.

ಆಮೇಲೆ ಇಬ್ಬರಿಗೂ ಮಾತನಾಡಲು ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸಿತು. "ಇಡ್ತೆ ಹಂಗಾರೆ," ಎಂದು ಮಾವ ಫೋನ್ ಇಟ್ಟು, ಲೈನ್‌ಮನ್ ಕಡೆ ತಿರುಗಿ, ಫಸ್ಟ್ ಕ್ಲಾಸ್ ಆಗಿದೆ ಎಂದರು.

ಈಗ ನನ್ನ ಅಂಕಣಕ್ಕೆ ಬನ್ನಿ. ಅಂದು ಊಟದ ನಂತರ ಮಾವ ಆ ಹೊಸ ಸ್ಮಾರ್ಟ್‌ಫೋನಿಗೆ ಸಿಮ್ ಹಾಕಿಸಿಕೊಂಡು ಅಕ್ಕನಿಗೆ ಕರೆ ಮಾಡಿದರು. ದೊಡ್ಡಮ್ಮನಿಗೆ ಆಗಲೇ ಕಿವಿ ಮಂದವಾಗತೊಡಗಿತ್ತು. ಅಪ್ಪಣೆಯೇನೋ ಕೊಟ್ಟರು, ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದರು: "ನೀ ಎಂತ ತಮ್ಮ, ಬಾಯೊಳ್ಗ್ ಇಳ್ದ್ ಮಾತಾಡ್ತಿದ್ಯಾ?" ಬಾಯಿ ಎಂದರೆ ನಮ್ಮ ಕಡೆ ಬಾವಿ. ಮಾವ ಗಂಭೀರವಾಗಿ ನನಗೆ ಹೇಳಿದರು, "ಬರಿ, ಬಾವಿ."

ನಾನು ಬರೆದೆ: "ಈ ಫೋನಿನಲ್ಲಿ ಮಾತನಾಡುವವನು ಬಾವಿಯೊಳಗಿರುತ್ತಾನೆ. ಮೇಲಿನಿಂದ ಹಗ್ಗ ಇಳಿಸುವವರಿದ್ದರೆ ಕೊಳ್ಳಬಹುದು." ಅಂಕಣಕ್ಕೆ 'ಹೊಸ್ತು' ಎಂದು ಹೆಸರಿಟ್ಟೆ. ಆ ವಾರ ಪತ್ರಿಕೆಗೆ ಬಂದ ಓದುಗರ ಕರೆಗಳನ್ನು ನೋಡಿ ಸಂಪಾದಕರು ನನಗೆ ಚಹಾ ತರಿಸಿಕೊಟ್ಟರು.

ಅಲ್ಲಿಂದ ಶುರು. ದೊಡ್ಡಮ್ಮ ತಮ್ಮನ ದನಿ ಎಲ್ಲಿಂದ ಬಂದಂತಿದೆ ಎಂದು ಹೇಳುವುದು, ಮಾವ ಅದನ್ನು ತೀರ್ಪಾಗಿ ನನಗೆ ಒಪ್ಪಿಸುವುದು. ಒಂದು ಫೋನು ದನದ ಹಟ್ಟಿಯಿಂದ ಕರೆದ ಹಾಗೆ ಕೇಳಿಸಿತು. ಇನ್ನೊಂದು ತೀರಾ ಅಗ್ಗದ್ದು, ಜಗಲಿಯಲ್ಲೇ ಕೂತಂತೆ ಕೇಳಿಸಿತು. ಭಾರಿ ಬೆಲೆಯ, ಬೆನ್ನಿಗೆಲ್ಲ ಗಾಜು ಹೊದ್ದಿದ್ದ ಒಂದು ಫೋನಿಗೆ ದೊಡ್ಡಮ್ಮ, "ಎಂತ, ಜ್ವರವಾ? ಕಂಬ್ಳಿ ಹೊದ್ಕಂಡ್ ಮನಿಕಂಡಿದ್ಯಾ?" ಎಂದು ಕೇಳಿಬಿಟ್ಟರು. "ಇಷ್ಟು ದುಡ್ಡಿಗೆ ಇದಕ್ಕಿಂತ ಒಳ್ಳೆಯ ಕಂಬಳಿ ಸಿಗುತ್ತದೆ" ಎಂದು ನಾನು ಬರೆದೆ. ಜನ ಅಂಗಡಿಗೆ ಹೋಗಿ, "ಜಗಲಿ ಫೋನ್ ಇತ್ತಾ?" ಎಂದು ಕೇಳತೊಡಗಿದರು. ನನ್ನ ಗೆಳೆಯನ ಅಂಗಡಿಯಲ್ಲಿ ಕಂಬಳಿ ಫೋನುಗಳ ಮೇಲೆ ಧೂಳು ಕೂತಿತು.

ಮಾವ ಪರೀಕ್ಷೆಯನ್ನು ಮನೆಯೊಳಗೇ ಮುಗಿಸುವವರಲ್ಲ. ಮರವಂತೆಯ ಕಡಲ ಗಾಳಿಗೆ ನಿಂತು ಕರೆ ಮಾಡಿದರು, ಬಸ್ರೂರಿನಲ್ಲಿ ಭತ್ತದ ಮಿಲ್ಲಿನ ಬಾಗಿಲಲ್ಲಿ ನಿಂತು ಮಾಡಿದರು. ಒಮ್ಮೆ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಹೊಸ್ತು ಕೇಳಿದರು. ದೊಡ್ಡಮ್ಮ, "ಮಾತಾಡ್, ಮಾತಾಡ್. ಅಲ್ಲ ತಮ್ಮ, ಅಲ್ಲ್ ಕೆಮ್ಮುದ್ ಯಾರ್? ಎಂತ ಕೆಮ್ಮ್ ಅದ್! ಶುಂಠಿ ಕಷಾಯ ಮಾಡಿ ಕುಡುಕ್ ಹೇಳ್," ಎಂದರು. ಇಡೀ ಬಸ್ಸು ಹಿಂದೆ ತಿರುಗಿ ನೋಡಿತು. ಕೊನೆಯ ಸೀಟಿನಲ್ಲಿ ಕೆಮ್ಮುತ್ತಿದ್ದವರು ನಾಚಿ, ಬ್ರಹ್ಮಾವರದ ಟಿಕೆಟಿದ್ದರೂ ಕೋಟದಲ್ಲೇ ಇಳಿದು ನೇರ ದಿನಸಿ ಅಂಗಡಿಗೆ ಹೋದರು. ಆ ಫೋನಿಗೆ ನಮ್ಮ ಅಂಕಣದ ಅತಿ ದೊಡ್ಡ ಹೊಗಳಿಕೆ ಸಿಕ್ಕಿತು.

ಒಂದು ಕಂಪೆನಿಯ ಪ್ರತಿನಿಧಿ ಟೈ ಕಟ್ಟಿಕೊಂಡು ಮಂಗಳೂರಿನಿಂದ ಬಂದ. ಕ್ಯಾಮೆರಾದ ಬಗ್ಗೆ ಮಾವನಿಗೆ ಅರ್ಧ ಗಂಟೆ ವಿವರಿಸಿದ. ಮಾವ ಮಧ್ಯೆ ಬಾಯಿ ಹಾಕದೆ ಕೇಳಿ, ಕೊನೆಗೆ, "ಅಕ್ಕನ್ ಕಿವಿಗ್ ಎಷ್ಟ್ ಪಿಕ್ಸೆಲ್ ಬೇಕಾತ್?" ಎಂದರು. ಹುಡುಗ ಟೈ ಸಡಿಲಿಸಿಕೊಂಡ. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ಸಮಾಧಾನ ಮಾಡಿ ಕಳಿಸಿದರು.

ನಗುನಗುತ್ತಲೇ ಒಂದು ವಿಷಯ ನನ್ನ ಗಮನಕ್ಕೆ ಬಂತು. ಬರಬರುತ್ತ ಎಲ್ಲ ಫೋನುಗಳೂ ಬಾವಿಗೆ ಬೀಳತೊಡಗಿದ್ದವು. ಅಗ್ಗದ್ದು, ದುಬಾರಿಯದ್ದು, ಆ ಕಂಪೆನಿ, ಈ ಕಂಪೆನಿ, ಯಾವುದೂ ಜಗಲಿಯವರೆಗೆ ಏರುತ್ತಿರಲಿಲ್ಲ. ಅಂಗಡಿಯ ಗೆಳೆಯ ಕೈಮುಗಿದ. "ಮರಾಯಾ, ನಿನ್ನ್ ದೊಡ್ಡಮ್ಮಂಗ್ ಕಿವಿ ಕೇಂತಿಲ್ಲೆ, ಅದ್ಕೆ ನನ್ನ್ ಅಂಗ್ಡಿ ಮುಚ್ಚುದಾ?" ಎಂದ. ಅವನು ಹೇಳಿದ್ದು ನಿಜವಾಗಿತ್ತು. ದೊಡ್ಡಮ್ಮನ ಸೊಸೆ ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿಯ ಮಿಷನ್ನು ಹಾಕಿಸಿದ್ದಳು. ಲೋಕದ ಗಲಾಟೆಯೆಲ್ಲ ಕಿವಿಯೊಳಗೆ ಬರುತ್ತದೆ, ಬೇಕಾದ ಮಾತೊಂದು ಬರುವುದಿಲ್ಲ ಎಂದು ದೊಡ್ಡಮ್ಮ ಅದನ್ನು ತೆಗೆದು ದೇವರ ಫೋಟೋದ ಹಿಂದಿಟ್ಟಿದ್ದರು.

ಇದನ್ನು ಮಾವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಮಾವ, ಫೋನ್ ಎಲ್ಲ ಸರಿ ಇತ್ತ್," ಎಂದೆ. "ದೊಡ್ಡಮ್ಮಂಗೆ..."

"ನೀ ಸುಮ್ನಿರ್," ಎಂದರು ಮಾವ. "ಅಕ್ಕನ್ ಕಿವಿಗ್ ಎಂತದೂ ಆಯಿಲ್ಲೆ. ಈಗಿನ್ ಫೋನೇ ಹೀಂಗೆ." ಆಮೇಲೆ ದನಿ ತಗ್ಗಿಸಿ, "ಇನ್ನೊಂದ್ ತಕಂಡ್ ಬಾ ಮಗಾ. ಇಷ್ಟೆಲ್ಲ ಮಾಡ್ತ್ರ್, ಒಂದ್ರಗಾರೂ ಕೇಣ್ದೇ ಇರತ್ತಾ?" ಎಂದರು.

ನನಗೆ ಅಲ್ಲಿಯವರೆಗೆ ಅದು ಅಂಕಣವಾಗಿತ್ತು. ಮಾವನಿಗೆ ಮಾತ್ರ ಅದು ಹುಡುಕಾಟವಾಗಿತ್ತು. ಮಂಡಿ ನೋವು ಹೆಚ್ಚಾಗಿ ಬೈಂದೂರಿನ ಬಸ್ಸು ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಅಕ್ಕನ ಹತ್ತಿರ ಹೋಗಲಾಗದು, ದನಿಯೂ ಅಕ್ಕನವರೆಗೆ ಮುಟ್ಟದು. ತನ್ನ ಒಂದು ಮಾತು ಆಕೆಗೆ ಕೇಳಿಸುವಂಥ ಒಂದೇ ಒಂದು ಫೋನು ಈ ಭೂಮಿಯ ಮೇಲೆ ಎಲ್ಲೋ ತಯಾರಾಗಿರಲೇಬೇಕು ಎಂದು ಅವರು ನಂಬಿದ್ದರು. ಊರೆಲ್ಲ ಅವರನ್ನು ಅರೆಮರುಳು ಎನ್ನುತ್ತಿತ್ತು. ಅಂಥ ಮರುಳು ನನಗೂ ಸ್ವಲ್ಪ ಹಿಡಿಯಬಾರದೇ ಎಂದು ನನಗನ್ನಿಸಿದ್ದುಂಟು.

ಒಂದು ಸಂಜೆ ಅಂಗಡಿಯ ಗೆಳೆಯನೇ ಹೇಳಿ ಕಳಿಸಿದ. ನಾನು ಮಾವನನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಅವನು ಹೊಸ ಫೋನೊಂದನ್ನು ಮೇಜಿನ ಮೇಲೆ ಒರಗಿಸಿ ಇಟ್ಟಿದ್ದ. "ಮಾವ, ಕೇಣ್ದಿರೆ ಬೇಡ. ಇದ್ರಗೆ ಮುಖ ಕಂಡ್ಕಂಡ್ ಮಾತಾಡ್ಲಕ್ಕ್," ಎಂದು ವಿಡಿಯೋ ಕರೆ ಹಚ್ಚಿದ. ಬೈಂದೂರಿನಲ್ಲಿ ಸೊಸೆ ತನ್ನ ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟಳು. ಪರದೆಯ ಮೇಲೆ ಮೊದಲು ಮನೆಯ ಮಾಡು ಕಂಡಿತು, ಆಮೇಲೆ ಒಂದು ಕಿವಿ, ಆಮೇಲೆ ದೊಡ್ಡಮ್ಮ.

"ಅಕ್ಕಾ, ಹೊಸ್ತ್ ಮಾತಾಡ್ತೆ," ಎಂದು ಮಾವ ಅಂಗಡಿ ನಡುಗುವಂತೆ ಕೂಗಿದರು. ರೀಚಾರ್ಜಿಗೆ ಬಂದಿದ್ದವರು ಬೆಚ್ಚಿಬಿದ್ದರು.

ದೊಡ್ಡಮ್ಮನಿಗೆ ಒಂದು ಅಕ್ಷರವೂ ಕೇಳಿಸಿರಲಿಲ್ಲ. ಆಕೆ ಫೋನನ್ನು ಹತ್ತಿರ ತಂದು, ದೂರ ಹಿಡಿದು, ತಮ್ಮನನ್ನು ಬಹಳ ಹೊತ್ತು ನೋಡಿದರು.

"ಎಂತ ತಮ್ಮ, ತಲಿ ಎಲ್ಲ ಬೆಳ್ಳಗ್ ಆಯ್ತಲ," ಎಂದರು. "ಎಣ್ಣಿ ಹಾಕುದಿಲ್ಯಾ? ಕಾಣ್, ಹ್ಯಾಂಗ್ ಕೆದ್ರಿತ್."

ಹೇಳುತ್ತಲೇ ಕೈ ಮುಂದೆ ತಂದು ಪರದೆಯ ಮೇಲಿದ್ದ ಮಾವನ ತಲೆಯನ್ನು ಸವರಿದರು. ಬೆರಳು ಕೆಂಪು ಗುಂಡಿಗೆ ತಾಗಿ ಕರೆ ಕಟ್ಟಾಯಿತು.

ಗೆಳೆಯ ಮತ್ತೆ ಹಚ್ಚಿದ. ದೊಡ್ಡಮ್ಮ ಮತ್ತೆ ನೋಡಿದರು, ಮತ್ತೆ ಸವರಿದರು, ಮತ್ತೆ ಕಟ್ಟಾಯಿತು. "ಮಾವ, ಸ್ಕ್ರೀನ್ ಮುಟ್ಟುಕಾಗ ಅಂದೇಳಿ ಅವ್ರಿಗ್ ಹೇಳಿ," ಎಂದ ಗೆಳೆಯ. ಹೇಳಿದರೆ ಆಕೆಗೆ ಕೇಳಬೇಕಲ್ಲ?

ಮೂರನೆಯ ಸಲ ಕರೆ ಸಿಕ್ಕಾಗ ಮಾವ ಕೂಗಲಿಲ್ಲ, ಏನನ್ನೂ ಕೇಳಲಿಲ್ಲ. ಮೇಜಿಗೆ ಎರಡೂ ಕೈ ಊರಿ, ಅಷ್ಟು ಜನ ಗಿರಾಕಿಗಳ ಎದುರಿಗೆ, ಆ ಫೋನಿನ ಮುಂದೆ ತಲೆ ಬಗ್ಗಿಸಿ ನಿಂತರು. ಬೈಂದೂರಿನಿಂದ ದೊಡ್ಡಮ್ಮನ ಅಂಗೈ ಪರದೆಯ ತುಂಬ ಬಂತು. ಕರೆ ಕಟ್ಟಾಯಿತು.

ಮಾವ ತಲೆ ಎತ್ತಲಿಲ್ಲ. ಅವರು ಕಣ್ಣು ಮುಚ್ಚಿಕೊಂಡಿದ್ದರು, ಕಟ್ಟಾದದ್ದು ಅವರಿಗೆ ಗೊತ್ತಾಗಿರಲಿಲ್ಲ. ಅಂಗಡಿಯಲ್ಲಿದ್ದ ನಾವ್ಯಾರೂ ಹೇಳಲಿಲ್ಲ.