ಅಜ್ಜ ಬೇಡವೆಂದ ಸೇತುವೆ

ಅಕ್ಕ: ತಿರುಗಿಸಿಬಿಡು ಅದನ್ನ. ಗೋಡೆ ಕಡೆ ಮುಖ ಮಾಡಿ ನಿಲ್ಸು. ಯಾರಾದ್ರೂ ಕೇಳಿದ್ರೆ ಬಣ್ಣ ಒಣಗಿಲ್ಲ ಅನ್ನು.

ತಮ್ಮ: ಅಕ್ಕ, ಅದು ಅಚ್ಚಾಗಿ ಬಂದ ಫಲಕ. ಒಣಗೋಕೆ ಅದರಲ್ಲಿ ಏನೂ ಇಲ್ಲ.

ಅಕ್ಕ: ಮಾನ ಮರ್ಯಾದೆನೂ ಇಲ್ಲ.

ನಗರಸಭೆಯ ಹಳೆಯ ಸಭಾಂಗಣದಲ್ಲಿ ಊರ ಸೇತುವೆಯ ಬಗ್ಗೆ ಪ್ರದರ್ಶನ. ಬಾಗಿಲು ಆಗಷ್ಟೇ ತೆರೆದಿತ್ತು, ಜನ ಇನ್ನೂ ಬಂದಿರಲಿಲ್ಲ. ತಮ್ಮ ಇತಿಹಾಸಕಾರ. ಪಾಠ ಹೇಳುವ ಜಾತಿಯವನಲ್ಲ. ಜನರ ನಡುವೆ ಹೋಗಿ ಜನರಿಂದಲೇ ಇತಿಹಾಸ ಬರೆಸುತ್ತೇನೆಂದು ಹೊರಟವನು. ಅವನ ಹಿಂದಿನ ಪ್ರದರ್ಶನಕ್ಕೆ ಬಂದವರಲ್ಲಿ ಅರ್ಧ ಮಂದಿ ಮಳೆಗೆ ಹೆದರಿ ಒಳಗೆ ನುಗ್ಗಿದವರು, ಉಳಿದರ್ಧ ಹೆಂಡತಿಯ ಕಡೆಯವರು.

ಅಕ್ಕ: ಏನು ಬರ್ದಿದೀಯ ನೋಡು. 'ಸೇತುವೆಯನ್ನು ಬಲವಾಗಿ ವಿರೋಧಿಸಿದವರಲ್ಲಿ ದೋಣಿಗಳ ಮಾಲೀಕರು ಮುಂಚೂಣಿಯಲ್ಲಿದ್ದರು.' ಕೆಳಗೆ ನಮ್ಮಜ್ಜನ ಫೋಟೊ. ಬೇರೆ ಯಾರ ಅಜ್ಜನೂ ಸಿಗಲಿಲ್ವಾ ನಿಂಗೆ?

ತಮ್ಮ: ದೋಣಿಗಳೆಲ್ಲ ನಮ್ಮಜ್ಜಂದೇ ಅಲ್ವಾ? ಸೇತುವೆ ಬಂದ್ರೆ ದೋಣಿ ಹತ್ತೋರು ಯಾರು? ಅದಕ್ಕೇ ಸಭೆಲಿ ಎದ್ದು ನಿಂತು ಬೇಡ ಅಂದ್ರು. ಆಗಿನ ಪತ್ರಿಕೆಗಳಲ್ಲೆಲ್ಲ ಬಂದಿದೆ.

ಅಕ್ಕ: ನಾನು ಚಿಕ್ಕವಳಿದ್ದಾಗಿಂದ ಕೇಳ್ಕೊಂಡು ಬಂದಿರೋದು ಅಜ್ಜನೇ ಸೇತುವೆ ಕಟ್ಟಿಸಿದ್ದು ಅಂತ.

ತಮ್ಮ: ಯಾರ ಬಾಯಲ್ಲಿ ಕೇಳಿದ್ದು?

ಅಕ್ಕ: ಅಜ್ಜನ ಬಾಯಲ್ಲೇ.

ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

ಅಕ್ಕ: ಈಗ ಬೀಗಿತ್ತಿ ಬರ್ತಾರೆ ಕಣೋ. ಹುಡುಗ ಒಪ್ಪಿದಾನೆ, ನಮ್ಮ ಹುಡುಗಿನೂ ಒಪ್ಪಿದಾಳೆ. ಮನೆತನ ಹೇಗೆ ಅಂತ ಆಯಮ್ಮ ಕೇಳಿದ್ರು. ಬಂದು ನೋಡಿ, ನಮ್ಮ ಮನೆತನವೇ ಗೋಡೆ ಮೇಲಿರತ್ತೆ ಅಂತ ನಾನೇ ಹೇಳ್ದೆ.

ತಮ್ಮ: ಇದೆಯಲ್ಲ.

ಅಕ್ಕ: ಬೀದಿ ಬೀದಿಲಿ ಭಾಷಣ ಮಾಡ್ತೀಯ, ಇತಿಹಾಸ ಪಂಡಿತರ ಸೊತ್ತಲ್ಲ, ಜನರದ್ದು ಅಂತ. ನಾನು ಜನ ಅಲ್ವಾ?

ತಮ್ಮ: ಜನವೇ. ಆದ್ರೆ…

ಅಕ್ಕ: ಆದ್ರೆ?

ತಮ್ಮ: ಜನ ಅಂದ್ರೆ ಸ್ವಲ್ಪ ದೂರದವರು.

ಮಾತು ಬಾಯಿಂದ ಹೊರಟ ಮೇಲೆ ಅವನಿಗೇ ಕಿವಿ ಬಿಸಿಯಾಯಿತು. ಸತ್ಯಕ್ಕಾಗಿ ಪ್ರಾಣ ಬೇಕಾದರೂ ಕೊಡುತ್ತೇನೆ ಎಂದುಕೊಂಡಿದ್ದವನು. ಆದರೆ ಪ್ರಾಣ ಯಾರೂ ಕೇಳಿರಲಿಲ್ಲ. ಇಲ್ಲಿ ಸತ್ಯ ಕೇಳುತ್ತಿದ್ದದ್ದು ಅವನು ಹೆಗಲ ಮೇಲೆ ಹೊತ್ತು ತಿರುಗಿದ ಅಕ್ಕನ ಮಗಳ ಮದುವೆ. ಎರಡೂ ಕೈಯಿಂದ ಫಲಕ ಎತ್ತಿಕೊಂಡು ತಿರುಗಿದ. ಬೀಗಿತ್ತಿ ಎದುರಿಗೇ ನಿಂತಿದ್ದರು.

ಬೀಗಿತ್ತಿ: ಅದೇನು, ಫಲಕ ತಬ್ಕೊಂಡು ನಿಂತಿದೀರಾ?

ತಮ್ಮ: ಬಣ್ಣ ಒಣಗಿಲ್ಲ.

ಬೀಗಿತ್ತಿ: ಮತ್ತೆ ಅಂಗಿಗೆ ಹತ್ತಲ್ವಾ?

ಬೇರೆ ದಾರಿ ಕಾಣದೆ ಅವನು ಫಲಕವನ್ನು ಇದ್ದ ಜಾಗದಲ್ಲೇ ಇಟ್ಟ. ಬೀಗಿತ್ತಿ ಕನ್ನಡಕ ಏರಿಸಿಕೊಂಡು, ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿದರು. ಅಕ್ಕ ತಲೆ ಎತ್ತಿ ಫ್ಯಾನು ನೋಡತೊಡಗಿದಳು.

ಬೀಗಿತ್ತಿ: ಅಂದ್ರೆ ನಿಮ್ಮಜ್ಜ ಸೇತುವೆ ಬೇಡ ಅಂದ್ರಾ?

ಅಕ್ಕ: ಬಾಯಲ್ಲಿ ಅಂದ್ರು. ಮನಸ್ಸಲ್ಲಿ ಬೇಕು ಅಂತಲೇ ಇತ್ತು.

ಬೀಗಿತ್ತಿ 'ಹೂಂ' ಎಂದು ಪಕ್ಕದ ಫಲಕಕ್ಕೆ ಸರಿದವರು ಅಲ್ಲಿನ ಫೋಟೊ ಮುಂದೆ ನಿಂತುಬಿಟ್ಟರು.

ಬೀಗಿತ್ತಿ: ಈ ಮೀಸೆ ನಮ್ಮನೆ ಹಾಲ್‌ನಲ್ಲಿದೆ.

ತಮ್ಮ: ಮೀಸೆನಾ?

ಬೀಗಿತ್ತಿ: ಮೀಸೆ, ಕೋಟು, ಕೋಲು, ಎಲ್ಲ. ಇವರು ನಮ್ಮ ತಾತ.

ಅಕ್ಕ ಫ್ಯಾನು ಬಿಟ್ಟು ಓಡಿಬಂದು ಜೋರಾಗಿ ಓದಿದಳು: 'ಈ ಗುತ್ತಿಗೆದಾರರು ಕಟ್ಟಿದ ಸೇತುವೆ ಮೊದಲ ಪ್ರವಾಹಕ್ಕೇ ಕೊಚ್ಚಿಹೋಯಿತು. ಈಗಿರುವುದು ಆಮೇಲೆ ಬೇರೆಯವರು ಕಟ್ಟಿದ್ದು.'

ಬೀಗಿತ್ತಿ ತಮ್ಮನ ಕಡೆ ತಿರುಗಿದರು.

ಬೀಗಿತ್ತಿ: ಇದನ್ನೂ ಸ್ವಲ್ಪ ತಬ್ಕೊಳ್ತೀರಾ?

ಅವನು ಕೈ ಚಾಚಿಯೇಬಿಟ್ಟ.

ಅಕ್ಕ: ಮುಟ್ಟಬೇಡ. ಇತಿಹಾಸ ಅಂದ್ಮೇಲೆ ಇದ್ದದ್ದು ಇದ್ದ ಹಾಗೇ ಇರ್ಬೇಕು. ನಮ್ಮಜ್ಜ ಮೊದಲೇ ಬೇಡ ಅಂದಿದ್ರು. ದೂರದೃಷ್ಟಿ ಅಂದ್ರೆ ಅದು.

ಬೀಗಿತ್ತಿ: ದೂರದೃಷ್ಟಿನೋ ದೋಣಿದೃಷ್ಟಿನೋ. ನಮ್ಮ ತಾತ ಕಟ್ಟೋಕಾದ್ರೂ ಹೊರಟ್ರು.

ಅಕ್ಕ: ಅದು ಬಿದ್ದ ಮೇಲೆ ಊರನ್ನ ದಾಟಿಸಿದ್ದು ಯಾರು?

ಬೀಗಿತ್ತಿ: ದಾಟಿಸಿದ್ರು, ಎರಡರಷ್ಟು ಬಾಡಿಗೆ ಕಿತ್ಕೊಂಡು. ಅಷ್ಟಕ್ಕೂ ಬಿದ್ದದ್ದು ಯಾಕೆ? ಪ್ರವಾಹದಲ್ಲಿ ಹಗ್ಗ ಕಿತ್ತು ಬಂದ ನಿಮ್ಮ ದೋಣಿ ಕಂಬಕ್ಕೆ ಗುದ್ದಿ.

ತಮ್ಮ: ಏನು, ದೋಣಿ ಗುದ್ದಿತ್ತಾ? ಇದು ನಂಗೆ ಎಲ್ಲೂ ಸಿಕ್ಕಿರಲಿಲ್ಲ. ಸ್ವಲ್ಪ ನಿಧಾನಕ್ಕೆ ಹೇಳ್ತೀರಾ?

ಅಕ್ಕ: ನೀನು ಸುಮ್ನಿರು.

ಬೀಗಿತ್ತಿ: ಹೌದು, ನೀವು ಸುಮ್ನಿರಿ.

ಅಕ್ಕ: ಮರದ ದೋಣಿ ಗುದ್ದಿದ್ರೆ ಬೀಳೋ ಕಂಬ ಅದೆಂಥ ಕಂಬ? ಹಪ್ಪಳದ್ದಾ?

ಗದ್ದಲ ಕೇಳಿ ಬೀದಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಬಂದವರು ಫಲಕಗಳಿಗೆ ಬೆನ್ನು ಹಾಕಿ ಈ ಇಬ್ಬರ ಸುತ್ತ ನಿಂತರು. 'ಆ ದೋಣಿಲಿ ನಮ್ಮಜ್ಜಿನೂ ಇದ್ರಂತೆ' ಎಂದರು ಒಬ್ಬರು. 'ಕಂಬದ ಕಲ್ಲು ನಮ್ಮ ಹಿತ್ತಲಲ್ಲೇ ಬಿದ್ದಿದೆ' ಎಂದರು ಇನ್ನೊಬ್ಬರು. ಇಂಥದೊಂದು ಮಾತಿಗಾಗಿ ತಮ್ಮ ಎಷ್ಟು ಮನೆ ಬಾಗಿಲು ತಟ್ಟಿದ್ದನೋ. ಆಗ ಎಲ್ಲರೂ ನಂಗೇನೂ ಗೊತ್ತಿಲ್ಲಪ್ಪ ಎಂದಿದ್ದರು.

ಅಕ್ಕನಿಗೆ ಮಗಳು ನೆನಪಾದಳೇನೋ, ಮಾತು ನಿಲ್ಲಿಸಿ ತಣ್ಣಗಾದಳು.

ಅಕ್ಕ: ಹೋಗ್ಲಿ ಬಿಡಿ. ಈಗ ಮಕ್ಕಳ ವಿಷಯ ಹೇಗೆ?

ಬೀಗಿತ್ತಿ: ಹೇಗೇನು ಬಂತು, ಮದುವೆ ಆಗಲೇಬೇಕು. ಇಷ್ಟು ದೊಡ್ಡ ಜಗಳ ರೆಡಿ ಇಟ್ಕೊಂಡಿರೋ ಮನೆತನ ಇನ್ನೆಲ್ಲಿ ಸಿಗತ್ತೆ? ಬೇರೆ ಬೀಗರಾಗಿದ್ರೆ ಕಾರಣ ಹುಡುಕ್ಬೇಕಿತ್ತು.

ಅಕ್ಕ ನಕ್ಕಳು, ಬೀಗಿತ್ತಿಯೂ ನಕ್ಕರು. ಆಮೇಲೆ ಕಂಬದ ವಿಷಯ ಬಿಟ್ಟಲ್ಲಿಂದಲೇ ಮತ್ತೆ ಶುರುವಾಯಿತು.

ಅಕ್ಕ: ಇದು ನಿಂತ್ಕೊಂಡು ಮುಗಿಯೋ ಮಾತಲ್ಲ. ಎರಡು ಕುರ್ಚಿ ತಗೊಂಡ್ಬಾರೋ.

ಊರಿನ ಇತಿಹಾಸಕಾರ ಕುರ್ಚಿ ತಂದ, ಕರವಸ್ತ್ರದಿಂದ ಧೂಳು ಒರೆಸಿ ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ.

ತಮ್ಮ: ನಾನೂ ಒಂದು ತಂದ್ಕೊಂಡು ಕೂತ್ಕೊಳ್ಲಾ?

ಅಕ್ಕ: ಹಿಂದೆ ಅಷ್ಟೊಂದು ಜನ ನಿಂತಿದಾರೆ, ಕಾಣಲ್ವಾ? ನೀನು ಕೂತ್ಬಿಟ್ರೆ ಅವರಿಗೆಲ್ಲ ಕುರ್ಚಿ ತರೋರು ಯಾರು?