ಪಲ್ಲಾವರಂ ಕಾಲುವೆಯಲ್ಲಿ ಮೀನು ಹುಡುಕಿದ್ದು

ಕೊಳಕು ನೀರನ್ನು ಪರೀಕ್ಷೆ ಮಾಡಿ ಸಂಬಳ ತೆಗೆದುಕೊಳ್ಳುವವರ ಬದುಕಿನಲ್ಲಿ ದಿನಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ಏನೂ ಆಗಲಿಲ್ಲ ಅಂದರೆ ಅವತ್ತು ನೆಗಡಿಯಾಗಿ ಮೂಗು ಕಟ್ಟಿದೆ ಎಂದು ತಿಳಿದುಕೊಳ್ಳಬೇಕು.

ನಂಜನಗೂಡಿನಲ್ಲಿ ಹೊಳೆ ಪಕ್ಕದಲ್ಲಿ ಬೆಳೆದವಳು ನಾನು. ಮದುವೆಯಾಗಿ ಚೆನ್ನೈಗೆ ಬಂದೆ. ಮನೆ ಕ್ರೋಂಪೇಟೆಯಲ್ಲಿ, ಲ್ಯಾಬು ಅಡ್ಯಾರಿನಲ್ಲಿ, ಕೆಲಸ ಮಾತ್ರ ನಡುವೆ ಪಲ್ಲಾವರಂನ ಒಂದು ಕಾಲುವೆಯಲ್ಲಿ. ಈ ಕಾಲುವೆ ಹೋಗಿ ಅಡ್ಯಾರ್ ನದಿಗೆ ಸೇರುತ್ತದೆ. ಆಗ ಅದರಲ್ಲಿ ನೀರಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ ಹರಿಯುತ್ತಿತ್ತು. ಅದನ್ನು ಮುಚ್ಚಿ, ಮೇಲೆ ಕಾಂಕ್ರೀಟ್ ಹಾಸಿ, ಕಾರು ನಿಲ್ಲಿಸಲು ಜಾಗ ಮಾಡೋಣ ಎಂದು ಮೇಲಿನವರು ತೀರ್ಮಾನ ಮಾಡಿಬಿಟ್ಟಿದ್ದರು. ನಮ್ಮ ಲ್ಯಾಬಿನ ದೊಡ್ಡ ಸಾಹೇಬರು ಕೈಕಾಲು ಹಿಡಿದು ಒಂದಿಷ್ಟು ಗಡುವು ಕೇಳಿಕೊಂಡರು. ಅಷ್ಟರೊಳಗೆ ಅಲ್ಲಿ ಮೀನು ಬದುಕಬೇಕು. ಬದುಕಲಿಲ್ಲವೋ, ಕಾಂಕ್ರೀಟು.

ಹೊಳೆ ದಂಡೆಯವಳಾದ ನನಗೆ ಹರಿಯುವ ನೀರನ್ನು ಜೀವಂತವಾಗಿ ಹೂಳುವುದನ್ನು ನೋಡಿಕೊಂಡಿರಲು ಆಗಲಿಲ್ಲ. ಹಾಗಾಗಿ ಆ ಕಾಲುವೆಯ ಬೆನ್ನು ಬಿದ್ದೆ. ಈಗ ನನ್ನನ್ನು ಎಸಿ ಕೆಳಗೆ ಮೇಜಿನ ಮುಂದೆ ಕೂರಿಸಿದ್ದಾರೆ. ಕೂತಲ್ಲೇ ಆ ದಿನಗಳು ನೆನಪಾಗಿ ಒಬ್ಬಳೇ ನಗುತ್ತಿರುತ್ತೇನೆ. ಅಲ್ಲಿ ಎಲ್ಲರೂ ಮಾತಾಡಿದ್ದು ತಮಿಳಿನಲ್ಲೇ, ನನಗೆ ನೆನಪಾಗುವುದು ಮಾತ್ರ ಕನ್ನಡದಲ್ಲಿ.

ಸೇತುವೆ ಮೇಲೆ ಬಕೆಟ್ಟು

ಮೊದಲ ದಿನ. ಸೇತುವೆ ಮೇಲೆ ನಿಂತು, ಬಕೆಟ್ಟಿಗೆ ಹಗ್ಗ ಕಟ್ಟಿ ಕಾಲುವೆಗೆ ಇಳಿಸಿದೆ. ಅದು ನೀರು ಮುಟ್ಟುವ ಮೊದಲೇ ಹತ್ತಾರು ಬೈಕು ನಿಂತವು. ಹಿಂದೆ ಒಂದು ಬಸ್ಸು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ಅದರ ಕಂಡಕ್ಟರೂ ಇಳಿದು ಬಂದು ಬಗ್ಗಿ ನೋಡತೊಡಗಿದ.

"ಯಾರು ಬಿದ್ದರು?" ಎಂದ ಒಬ್ಬ. "ಮನುಷ್ಯರಲ್ಲ, ಚಿನ್ನದ ಚೈನು" ಎಂದ ಇನ್ನೊಬ್ಬ, ತಾನೇ ಕಣ್ಣಾರೆ ಕಂಡವನ ಹಾಗೆ. ಹೂವಿನ ಬುಟ್ಟಿ ಹೊತ್ತ ಅಜ್ಜಿ ನನ್ನ ಬರಿಯ ಕೊರಳು ನೋಡಿ "ಐಯೋ ಪಾವಂ, ಎಷ್ಟು ಪವನು ಚಿನ್ನಮ್ಮಾ ಅದು?" ಎಂದು ಕಣ್ಣೀರು ಹಾಕಿತು.

"ಚೈನೂ ಇಲ್ಲ, ಏನೂ ಇಲ್ಲ. ಸರ್ಕಾರದಿಂದ ನೀರು ತೆಗೆದುಕೊಂಡು ಹೋಗುವುದಕ್ಕೆ ಬಂದಿದ್ದೇವೆ" ಎಂದು ನಮ್ಮ ಡ್ರೈವರ್ ಗಂಭೀರವಾಗಿ ಹೇಳಿದ. ಬಕೆಟ್ಟು ಮೇಲೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಅದರಲ್ಲಿ ಒಂದೇ ಒಂದು ಬಾಟಲಿ ತುಂಬಿಕೊಂಡು ಮಿಕ್ಕಿದ್ದನ್ನು ವಾಪಸು ಸುರಿಯಲು ಹೋದೆ.

ಕಂಡಕ್ಟರ್ ಓಡಿ ಬಂದು ಕೈ ಅಡ್ಡ ಹಿಡಿದ. "ಮೇಡಂ, ತಿರುಪ್ಪಿ ಊತ್ತಾದೀಂಗ! ಪೂರಾ ತಗೊಂಡು ಹೋಗಿ. ಸಾಲದಿದ್ದರೆ ನಾಳೆ ಲಾರಿ ತನ್ನಿ."

ಅತ್ತೆಯ ಗಂಗೆ ಪೂಜೆ

ಒಂದು ಶನಿವಾರ ನೀರು ತರುವ ಹೊತ್ತಿಗೆ ಲ್ಯಾಬಿಗೆ ಬೀಗ ಬಿದ್ದಿತ್ತು. ಬಾಟಲಿಯನ್ನು ತಣ್ಣಗಿಡದಿದ್ದರೆ ಕೆಟ್ಟುಹೋಗುತ್ತದೆ. (ಕೆಟ್ಟ ನೀರು ಇನ್ನೇನು ಕೆಡುತ್ತದೆ ಎಂದು ನನ್ನ ಗಂಡ ಕೇಳಿದರು. ಲೆಕ್ಕಪತ್ರದ ಕೆಲಸದವರಿಗೆ ಅದೆಲ್ಲ ತಿಳಿಯುವುದಿಲ್ಲ.) ಮನೆಗೆ ತಂದು ಫ್ರಿಡ್ಜಿನ ಮೂಲೆಯಲ್ಲಿ ಇಟ್ಟೆ.

ಅತ್ತೆ ಮಡಿಯವರು. ಕಂಡರೆ ಫ್ರಿಡ್ಜನ್ನೇ ಬೀದಿಗೆ ಹಾಕುತ್ತಾರೆ ಎಂದು ಹೆದರಿದ್ದೆ. ಭಾನುವಾರ ಬೆಳಿಗ್ಗೆ ಕಂಡೇಬಿಟ್ಟರು.

"ಇದೇನೇ ಇದು?"

"ನೀರು, ಅತ್ತೆ. ಅಡ್ಯಾರ್ ನದೀದು" ಎಂದೆ. ಕಾಲುವೆ ಎನ್ನುವ ಧೈರ್ಯ ಬರಲಿಲ್ಲ.

"ಹೌದಾ" ಎಂದು ಫ್ರಿಡ್ಜಿನ ಬಾಗಿಲು ಹಾಕಿದರು. ಬದುಕಿದೆ ಎಂದುಕೊಂಡೆ. ಸೋಮವಾರ ನಾನು ನೋಡದೆಯೇ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಲ್ಯಾಬಿನವರಿಗೆ ಕೊಟ್ಟೆ. ಮಧ್ಯಾಹ್ನ ದೊಡ್ಡ ಸಾಹೇಬರು ಕರೆಸಿದರು.

"ಈ ನೀರಿನಲ್ಲಿ ಅರಿಶಿನ ಇದೆ, ಅಕ್ಕಿ ಕಾಳಿದೆ, ಹೂವಿನ ಎಸಳಿದೆ. ಕಾಲುವೆಯ ಮೇಲ್ಗಡೆ ಯಾವುದೋ ಕಲ್ಯಾಣಮಂಟಪ ಕಸ ಬಿಡುತ್ತಿದೆ. ಹೋಗಿ ಹುಡುಕಿ!" ಎಂದರು.

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. "ಅಲ್ಲ ಕಣೇ, ನದಿ ಮನೆಗೆ ಬಂದಿದೆ ಅಂತೀಯ, ಪೂಜೆ ಮಾಡದೆ ಹಾಗೇ ಕಳಿಸಕ್ಕಾಗತ್ತಾ? ಮುಚ್ಚಳ ತೆಗೆದು ಎರಡು ಅಕ್ಷತೆ, ಒಂದು ಹೂವು ಹಾಕ್ದೆ. ಹಳಸಿದ ವಾಸನೆ ಬಂತು, ಪಾಪ, ಯಾರೂ ನೋಡ್ಕೊಳ್ಳಲ್ಲ ಅನ್ಸತ್ತೆ ಅದನ್ನ" ಎಂದರು ಅತ್ತೆ.

ಈಗ ಅತ್ತೆ ಇಲ್ಲ. ಆ ಕಾಲುವೆಯ ನೀರು ನೋಡಿ ಪಾಪ ಅಂದವರು ಅವರೊಬ್ಬರೇ. ಈಗಲೂ ಫ್ರಿಡ್ಜಿನ ಬಾಗಿಲು ತೆಗೆದಾಗ ಒಮ್ಮೊಮ್ಮೆ ಕಣ್ಣು ಒದ್ದೆಯಾಗುತ್ತದೆ.

ಸಾಹೇಬರಿಗೆ ನಿಜ ಹೇಳಲು ವಾಪಸು ಓಡಿದೆ. ಅಷ್ಟರಲ್ಲಿ ಲ್ಯಾಬಿನ ಹುಡುಗರನ್ನು ಹತ್ತಿಸಿಕೊಂಡು ಜೀಪು ಹೊರಟುಹೋಗಿತ್ತು. ಸಂಜೆಗೆ ಹುಡುಗರು ಗೆದ್ದು ಬಂದರು. ಕಾಲುವೆಯ ಮೇಲ್ಗಡೆ ನಿಜವಾಗಿಯೂ ಒಂದು ಮಂಟಪವಿತ್ತು, ಎಂಜಲೆಲೆ ಸಮೇತ ಎಲ್ಲವನ್ನೂ ನೀರಿಗೇ ಬಿಡುತ್ತಿತ್ತು!

ಉಪ್ಪು ಸರಿ ಇತ್ತಾ?

ಮಂಟಪದವರು ಸರಿಹೋದರು. ಆದರೂ ನೀರಿನ ಮೇಲೆ ಎಣ್ಣೆ ಪಸೆ ಹೋಗಲಿಲ್ಲ. ಜಾಡು ಹಿಡಿದು ಹೋದರೆ ಅದು ನಮ್ಮವರದೇ ಹೋಟೆಲು, ಉಡುಪಿ ಕಡೆಯ ಯಜಮಾನರದು. ಅಡುಗೆಮನೆಯ ಮೋರಿ ನೇರ ಕಾಲುವೆಗೆ. ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಿ ಎಂದು ಹೇಳಬೇಕಿತ್ತು.

ಹೇಳಲು ಬಾಯಿ ಎಲ್ಲಿ ಬಿಡುವಾಗಿತ್ತು? ಕನ್ನಡ ಕೇಳಿದ್ದೇ ತಡ, "ಓ, ನಮ್ಮೂರಿನವರಾ! ಕೂತ್ಕೊಳ್ಳಿ ಮಾರಾಯ್ರೆ" ಎಂದು ಗೋಳಿಬಜೆ ತರಿಸಿದರು. ಮರುವಾರ ಹೋದೆ, ಬನ್ಸ್. ಅದರ ಮರುವಾರ ನೀರುದೋಸೆ. ಊರು ಬಿಟ್ಟು ಬಂದವಳಿಗೆ ಅಷ್ಟು ಪ್ರೀತಿಯಿಂದ ತಿನ್ನಿಸಿದರೆ ನೋಟಿಸು ಹೇಗೆ ಕೊಡುವುದು? ಉಂಡ ಮನೆಗೆ ಎರಡು ಬಗೆಯಬಾರದು ಎಂದು ಹಿರಿಯರು ಹೇಳಿದ್ದಾರೆ. ಕಾಲುವೆಯ ವಿಷಯ ಆ ಹಿರಿಯರಿಗೆ ಗೊತ್ತಿರಲಿಲ್ಲ.

ಕೊನೆಗೆ ಒಂದು ದಿನ, ತಿನ್ನುವ ಮೊದಲೇ ಹೇಳಿಬಿಡಬೇಕೆಂದು ಬಾಗಿಲಲ್ಲೇ ನಿಂತೆ. "ನಿಮ್ಮ ಮೋರಿಯಿಂದ ಕಾಲುವೆ ಸಾಯ್ತಾ ಇದೆ. ಅದನ್ನ ಮುಚ್ಚಿಬಿಡ್ತಾರೆ. ನೀರು ಮೂಸಿದರೆ ಸಾಕು, ಇವತ್ತು ನಿಮ್ಮಲ್ಲಿ ಯಾವ ಸಾಂಬಾರು ಅಂತ ನಾನು ಹೇಳ್ತೀನಿ. ನಿನ್ನೆ ಮಂಗಳೂರು ಸೌತೆಕಾಯಿ. ಹೌದೋ ಅಲ್ಲವೋ?"

ಯಜಮಾನರ ಮುಖ ಗಂಭೀರವಾಯಿತು. ಗಲ್ಲಾದಿಂದ ಎದ್ದು ಬಂದರು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಹೌದು. ಉಪ್ಪು ಸರಿ ಇತ್ತಾ?"

ಶುಕ್ರವಾರದ ಸಂತೆ

ತೊಟ್ಟಿಯನ್ನೇನೋ ಅವರು ಆ ತಿಂಗಳೇ ಕಟ್ಟಿಸಿದರು. ನಾವು ತೇಲುವ ತೆಪ್ಪಗಳಲ್ಲಿ ಕಾಬಾಳೆ ಗಿಡ ನೆಟ್ಟೆವು. ಅದರ ಬೇರು ಕೊಳೆಯನ್ನು ಹೀರುತ್ತದೆ. ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಒಂದು ಹಳದಿ ಡಬ್ಬಿಯನ್ನೂ ತೇಲಿಬಿಟ್ಟೆವು. ಒಂದು ವಾರದಲ್ಲಿ ಡಬ್ಬಿ ಮಾಯ.

ಪಲ್ಲಾವರಂನಲ್ಲಿ ಕಳೆದದ್ದು ಪಲ್ಲಾವರಂ ಸಂತೆಯಲ್ಲಿ ಸಿಗುತ್ತದೆ ಎಂದು ಡ್ರೈವರ್ ಹೇಳಿದ. ಶುಕ್ರವಾರ ಹೋದೆವು. ಹಳೇ ಫ್ಯಾನು, ಒಂಟಿ ಬೂಟು, ಗಿಳಿ ಇಲ್ಲದ ಪಂಜರ ಎಲ್ಲ ದಾಟಿದರೆ, ಬಣ್ಣದ ಮೀನು ಮಾರುವವನ ತೊಟ್ಟಿಯಲ್ಲಿ ನಮ್ಮ ಡಬ್ಬಿ ಹಾಯಾಗಿ ತೇಲುತ್ತಿತ್ತು. ಅದನ್ನು ತಾನೂ ಯಾರಿಂದಲೋ ಕೊಂಡಿದ್ದು ಎಂದ.

"ಇದು ನಮ್ಮದು. ಕೆಟ್ಟಿದೆ, ಕೊಡಪ್ಪ. ಯಾವಾಗ ನೋಡಿದರೂ ಸೊನ್ನೆಯನ್ನೇ ತೋರಿಸುತ್ತಿತ್ತು" ಎಂದೆ ಉಪಾಯವಾಗಿ.

ಅವನಿಗೆ ಸಿಟ್ಟು ಬಂತು. ಡಬ್ಬಿಯ ಮೇಲೆ ಹೊಳೆಯುತ್ತಿದ್ದ ಒಳ್ಳೆಯ ಅಂಕಿಯನ್ನು ತೋರಿಸಿದ. "ನಲ್ಲ ಪೀಸ್ ಮೇಡಂ, ಒಳ್ಳೇ ಮಾಲು! ನಿಮ್ಮ ಹತ್ತಿರ ಇದ್ದಾಗ ಪಾಪ ಇದಕ್ಕೆ ಹುಷಾರಿರಲಿಲ್ಲ, ಅಷ್ಟೇ."

ಮೀನೇ ಇಲ್ಲ ಸಾರ್

ಎರಡು ಮಳೆಗಾಲ ಕಳೆದವು. ವಾಸನೆ ಇಳಿಯಿತು, ಆಮ್ಲಜನಕದ ಅಂಕಿ ನಿಧಾನಕ್ಕೆ ಏರಿತು. ಗಡುವು ಮುಗಿಯಿತು. ತಪಾಸಣೆಯ ದಿನ ಜೀಪುಗಳು ಸಾಲಾಗಿ ಬಂದು ನಿಂತವು. ಇಳಿದವರು ಒಬ್ಬ ಹಿರಿಯ ಅಧಿಕಾರಿ, ಅವರ ಹಿಂದೆ ಕಾಂಕ್ರೀಟಿನ ನಕ್ಷೆಯ ಸುರುಳಿ ಹಿಡಿದ ಎಂಜಿನಿಯರು.

ಸಾಹೇಬರು ಅಂಕಿಗಳನ್ನು ತೋರಿಸಿದರು. ಹಿರಿಯ ಅಧಿಕಾರಿ ಕನ್ನಡಕ ತೆಗೆದು ಹೇಳಿದರು, "ಅಂಕಿ ಯಾರು ಬೇಕಾದರೂ ಬರೆಯಬಹುದು. ಮೀನು ಎಲ್ಲಿ?"

ನಾವೆಲ್ಲ ಬಗ್ಗಿ ನೋಡಿದೆವು. ಪುರಿ ಎರಚಿದೆವು. ಪುರಿ ತೇಲಿಕೊಂಡು ಹೋಯಿತು. ನೀರು ಅಲುಗಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅಲ್ಲಿ ಒಂದು ಮೀನನ್ನೂ ಕಂಡಿರಲಿಲ್ಲ. ಎಂಜಿನಿಯರು ನಕ್ಷೆಯ ದಾರ ಬಿಚ್ಚತೊಡಗಿದರು.

ಆಗ ತಿರುವಿನಾಚೆ, ಕಾಬಾಳೆ ಗಿಡದ ಮರೆಯಲ್ಲಿ ಲುಂಗಿ ಮೇಲೆ ಕಟ್ಟಿ ಕೂತಿದ್ದ ಒಬ್ಬ ಮನುಷ್ಯ ಕಂಡ. ಕೈಯಲ್ಲಿ ಗಾಳ, ಪಕ್ಕದಲ್ಲಿ ಒಂದು ಚೀಲ. ಸರ್ಕಾರಿ ಜೀಪುಗಳನ್ನು ನೋಡಿ ಅವನ ಜೀವವೇ ಹಾರಿಹೋಯಿತು. ಗಾಳವನ್ನು ನೀರಿಗೆ ಬಿಸಾಕಿ ಎದ್ದು ನಿಂತ.

"ಇಲ್ಲಿ ಮೀನು ಹಿಡೀತಿದ್ಯಾ?" ಎಂದರು ಅಧಿಕಾರಿ.

"ಐಯೋ ಸಾರ್! ಸತ್ಯಮಾ ಇಂಗೆ ಮೀನೇ ಇಲ್ಲ ಸಾರ್! ನಾನು ಹುಟ್ಟಿದಾಗಿನಿಂದ ಈ ಕಾಲುವೆಯಲ್ಲಿ ಒಂದು ಮೀನೂ ಇಲ್ಲ!"

ನಾನು ಅವನ ಹತ್ತಿರ ಓಡಿದೆ. "ಅಣ್ಣಾ, ಹೆದರಬೇಡ. ಹಿಡಿದಿದ್ದೀನಿ ಅಂತ ಹೇಳು, ನಿನ್ನ ದಮ್ಮಯ್ಯ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ, ಇವಳು ನನ್ನನ್ನು ಜೈಲಿಗೆ ಕಳಿಸಲೆಂದೇ ಬಂದಿದ್ದಾಳೆ ಎನ್ನುವಂತೆ. ಹೆತ್ತ ತಾಯಿಯ ಮೇಲೆ ಆಣೆ ಹಾಕಿದ. ಮೀನು ತಿನ್ನುವುದೇ ಇಲ್ಲ, ಶಬರಿಮಲೆಗೆ ಮಾಲೆ ಹಾಕುವವನಿದ್ದೇನೆ ಎಂದ.

"ಚೀಲದಲ್ಲಿ ಏನು?"

"ಕತ್ತರಿಕ್ಕಾಯ್, ಸಾರ್. ಬದನೆಕಾಯಿ."

ಬದನೆಕಾಯಿ ಚೀಲದೊಳಗೆ ಪಟಪಟ ಎಂದು ಎಗರಿತು.

ಅಧಿಕಾರಿ ಮೆಲ್ಲಗೆ ಚೀಲದ ಬಾಯಿ ಬಿಡಿಸಿ ಒಳಗೆ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಎಂಜಿನಿಯರ್ ಕಡೆ ತಿರುಗಿ, "ಅದನ್ನ ಸುತ್ತಿ ಇಟ್ಟುಬಿಡಿ" ಎಂದರು. ನಮ್ಮ ದೊಡ್ಡ ಸಾಹೇಬರು ಡ್ರೈವರನ್ನು ತಬ್ಬಿಕೊಂಡರು. ನನಗೆ ತಡೆಯಲಾಗಲಿಲ್ಲ, ಅಲ್ಲೇ ಸೆರಗು ಹಿಡಿದು ಅತ್ತುಬಿಟ್ಟೆ.

"ಫೋಟೋ, ಫೋಟೋ! ವರದಿಗೆ ಬೇಕು" ಎಂದು ಸಾಹೇಬರು ಕೂಗಿದರು. ಜೀಪಿನಲ್ಲಿ ಬಂದಿದ್ದ ಫೋಟೋಗ್ರಾಫರ್ ಕ್ಯಾಮೆರಾದ ಮುಚ್ಚಳ ತೆಗೆಯುತ್ತಿದ್ದ. ಆ ಮನುಷ್ಯ ನಾನು ಅಳುವುದನ್ನು ನೋಡುತ್ತಾ ನಿಂತಿದ್ದವನು ಒಮ್ಮೆಲೇ ಕರಗಿಹೋದ. "ಅಳಾದೀಂಗಮ್ಮಾ! ಮೀನಿಗೋಸ್ಕರ ಯಾರಾದರೂ ಇಷ್ಟು ಅಳುತ್ತಾರಾ? ತಗೊಳ್ಳಿ, ಬಿಟ್ಟೆ!" ಎಂದು ಚೀಲವನ್ನೇ ತಲೆಕೆಳಗೆ ಮಾಡಿ ಎಲ್ಲವನ್ನೂ ಕಾಲುವೆಗೆ ಸುರಿದುಬಿಟ್ಟ.

ಕ್ಯಾಮೆರಾ ಕ್ಲಿಕ್ ಎಂದದ್ದು ಆಮೇಲೆ.

ಕಾಲುವೆ ಉಳಿಯಿತು. ಸರ್ಕಾರದ ವರದಿಯಲ್ಲಿ ಆ ಫೋಟೋ ಇವತ್ತಿಗೂ ಇದೆ: ಒಂದು ಖಾಲಿ ಚೀಲ, ನೀರಿನ ಮೇಲೆ ನಾಲ್ಕಾರು ಉಂಗುರ, ಪಕ್ಕದಲ್ಲಿ ಮೂಗು ಒರೆಸಿಕೊಳ್ಳುತ್ತಿರುವ ನಾನು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: 'ಚಿತ್ರದಲ್ಲಿ, ಕಾಲುವೆಗೆ ಮರಳಿದ ಜೀವಿ.'